ಆರ್ಚ್‌ಟಾಪ್ ಗಿಟಾರಿನ ವಯಸ್ಸು ನೋಡ್ಬೇಕಾ? ಎಫ್-ಹೋಲ್ ಒಳಗೆ ಟಾರ್ಚ್ ಬಿಡಿ

ಹೋದ ಚಳಿಗಾಲದಲ್ಲಿ ನಮ್ಮ ಕನ್ನಡ ಕೂಟದ ಅಕ್ಕ ಒಬ್ರು ಫೋನ್ ಮಾಡಿದ್ರು. ಪಕ್ಕದ ಮನೆ ಅಜ್ಜ ತೀರ್ಕೊಳೋ ಮುಂಚೆ ಇವ್ರ ಮಗನಿಗೆ ಒಂದು ಹಳೇ ಗಿಟಾರ್ ಕೊಟ್ಟು ಹೋಗಿದ್ರಂತೆ, ಯಾರೋ ನಂಬರ್ ಹುಡುಕಿ ನೋಡಿ ಇದು 1959ರ ಗಿಬ್ಸನ್ ಅಂದ್ರಂತೆ. "ಅಣ್ಣಾ, ನಿಜವಾಗ್ಲೂ ಇದಕ್ಕೆ ಅಷ್ಟೊಂದು ಬೆಲೆ ಇದ್ಯಾ? ಇವನ ಕಾಲೇಜ್ ಫೀಸಿಗೆ ಏನಾದ್ರೂ ಆಗತ್ತಾ?" ಅಂತ ಕೇಳಿದ್ರು. ನಾನು ಹೇಳಿದ್ದು ಇಷ್ಟೇ: ಒರೆಸ್ಬೇಡಿ, ತಂತಿ ಬಿಚ್ಬೇಡಿ, ಕೇಸ್ ಸಮೇತ ಹೆಂಗಿದೆಯೋ ಹಂಗೇ ತನ್ನಿ.

ನಾನಿರೋದು ಮಿಶಿಗನ್‌ನಲ್ಲಿ, ಹಳೇ ಗಿಟಾರ್ ರಿಪೇರಿ ಮತ್ತೆ ಬೆಲೆ ಕಟ್ಟೋದು ನನ್ನ ಕೆಲಸ. ಗಿಬ್ಸನ್ ಫ್ಯಾಕ್ಟರಿ 1984ರವರೆಗೂ ಇದೇ ರಾಜ್ಯದ ಕಲಮಜೂ ಊರಲ್ಲಿತ್ತು, ಹಾಗಾಗಿ ಇಲ್ಲಿನ ಅಟ್ಟಗಳಿಂದ ಇವತ್ತಿಗೂ ಆ ಗಿಟಾರ್‌ಗಳು ಇಳೀತಾನೇ ಇರತ್ವೆ. ಆರ್ಚ್‌ಟಾಪ್ ಅಂದ್ರೆ ಪಿಟೀಲಿನ ಥರ ಮೇಲ್ಭಾಗ ಉಬ್ಬಿರೋ ಗಿಟಾರ್, ದುಂಡಗಿನ ತೂತಿನ ಬದ್ಲು ಎರಡು ಎಫ್ ಆಕಾರದ ತೂತು ಇರತ್ತೆ. 1936ರಲ್ಲಿ ಬಂದ ಇಎಸ್-150 ಅನ್ನೋ ಗಿಬ್ಸನ್ ಮಾಡೆಲನ್ನ ಗಿಟಾರಿಸ್ಟ್ ಚಾರ್ಲಿ ಕ್ರಿಶ್ಚಿಯನ್ ನುಡಿಸಿದ ಮೇಲೆ ಜಾಝ್‌ನಲ್ಲಿ ಎಲೆಕ್ಟ್ರಿಕ್ ಗಿಟಾರಿಗೆ ಒಂದು ಜಾಗ ಸಿಕ್ತು. ಅಕ್ಕ ತಂದಿದ್ದು ಇಎಸ್-175ಡಿ. ಇಎಸ್-175 ಶುರುವಾಗಿದ್ದು 1949ರಲ್ಲಿ, ಆಗ ಅದರ ಬೆಲೆ 175 ಡಾಲರ್, ಹೆಸರು ಬಂದಿದ್ದೂ ಅಲ್ಲಿಂದಾನೇ. ತಂತಿಯ ಕಂಪನ ಹಿಡಿದು ಆಂಪ್ಲಿಫೈಯರಿಗೆ ಕಳ್ಸೋ ಪಿಕಪ್ ಅದ್ರಲ್ಲಿ ಒಂದೇ ಇತ್ತು, 1953ರಲ್ಲಿ ಎರಡು ಪಿಕಪ್ ಇರೋ ಡಿ ಬಂತು, 1957ರಲ್ಲಿ ಗುಂಯ್ ಅನ್ನೋ ಸದ್ದು ತಡೆಯೋ ಹಂಬಕರ್ ಪಿಕಪ್ ಹಾಕೋಕೆ ಶುರು ಮಾಡಿದ್ರು.

ಎಲ್ರೂ ಮೊದ್ಲು ನಂಬರ್ ನೋಡ್ತಾರೆ, ನಾನು ನಂಬರ್ ಕೊನೆಗೆ ನೋಡ್ತೀನಿ. ಮೊದ್ಲು ಎಫ್-ಹೋಲಿನ ಅಂಚು. ಅಲ್ಲಿ ಮರ ಕತ್ತರಿಸಿರೋ ಜಾಗದಲ್ಲಿ ಪದರ ಪದರ ಕಂಡ್ರೆ ಅದು ಪ್ಲೈ, ಒಂದೇ ಎಳೆ ಮೇಲಿಂದ ಕೆಳಗಿನ ತನಕ ಹೋಗಿದ್ರೆ ಕೆತ್ತಿದ ಗಟ್ಟಿ ಮರ. ಗಿಬ್ಸನ್‌ನೋರದೇ ಇನ್ನೊಂದು ಮಾಡೆಲ್ ಎಲ್-5 ಸಿಇಎಸ್‌ನ ಮೇಲ್ಭಾಗ ಗಟ್ಟಿ ಸ್ಪ್ರೂಸ್ ಮರದ್ದು, 175 ಮೇಪಲ್ ಪ್ಲೈ. ಪ್ಲೈ ಅಂತ ಮುಖ ಸಿಂಡರಿಸ್ಬೇಡಿ, ಆಂಪ್ಲಿಫೈಯರ್ ಪಕ್ಕದಲ್ಲಿ ಇಟ್ಟಾಗ ಗಟ್ಟಿ ಮರದಷ್ಟು ಬೇಗ ಕೂಗಲ್ಲ ಅದು, ಜಾಝ್ ಗಿಟಾರಿಸ್ಟ್ ಜೋ ಪಾಸ್ ಕೈಯಲ್ಲಿ ಆ ಬೆಚ್ಚಗಿನ ದಪ್ಪ ದನಿ ಬರ್ತಾ ಇದ್ದಿದ್ದು ಇದೇ ಮಾಡೆಲ್ಲಿಂದ.

ಆಮೇಲೆ ಟಾರ್ಚ್ ಮತ್ತೆ ಹಲ್ಲಿನ ಡಾಕ್ಟ್ರು ಇಟ್ಕೊಳೋ ಸಣ್ಣ ಕನ್ನಡಿ. ಒಳಗೆ ಮೊಟ್ಟೆಯಾಕಾರದ ಕಿತ್ತಳೆ ಬಣ್ಣದ ಲೇಬಲ್ ಇತ್ತು. 1955ರ ಸುಮಾರಿಗಿಂತ ಮುಂಚೆ ಅದು ಬಿಳಿ. ಲೇಬಲ್ ಮೇಲೆ ಎ ಅಕ್ಷರದಿಂದ ಶುರುವಾಗೋ ನಂಬರ್, ಎ-29 ಸಾವಿರದ ಆಸುಪಾಸು, ಅಂದ್ರೆ 1959. ಆದ್ರೆ ಲೇಬಲ್ ಕಾಗದ ತಾನೆ, ಯಾರು ಬೇಕಾದ್ರೂ ಪ್ರಿಂಟ್ ಹಾಕಿ ಅಂಟಿಸ್ಬೋದು, ಹಾಗಾಗಿ ನಾನು ಹುಡುಕೋದು ಹಿಂಬದಿ ಮರದ ಒಳಮೈ ಮೇಲೇ ಇಂಕಲ್ಲಿ ಒತ್ತಿರೋ ಫ್ಯಾಕ್ಟರಿ ಆರ್ಡರ್ ನಂಬರನ್ನ. 1952ರಿಂದ 1961ರವರೆಗೆ ಅದರ ಮುಂದೆ ಒಂದು ಅಕ್ಷರ ಇರತ್ತೆ, ಇಂಗ್ಲಿಷ್ ವರ್ಣಮಾಲೆ ಹಿಂದುಮುಂದಾಗಿ: ಝಡ್ ಅಂದ್ರೆ 1952, ವೈ 1953, ಹಂಗೇ ಇಳೀತಾ ಟಿ ಅಂದ್ರೆ 1958, ಎಸ್ 1959, ಕ್ಯೂ 1961. ಧೂಳು ಕೂತು ಅರ್ಧ ಮಾಸಿತ್ತು, ಕನ್ನಡಿ ಓರೆ ಮಾಡಿ ಮಾಡಿ ನೋಡಿದಾಗ ಟಿ ಕಾಣಿಸ್ತು.

ಲೇಬಲ್ 1959 ಅನ್ನತ್ತೆ, ಮರ 1958 ಅನ್ನತ್ತೆ. ಇಂಥಾ ಕಡೆ ಜನ ಗಾಬರಿ ಆಗ್ತಾರೆ, ನನಗೆ ಸಮಾಧಾನ ಆಗತ್ತೆ. ಯಾಕಂದ್ರೆ ಮರದ ನಂಬರ್ ಬಾಡಿ ಕಟ್ಟೋಕೆ ಶುರು ಮಾಡ್ದಾಗ ಒತ್ತೋದು, ಲೇಬಲ್ ಹಾಕೋದು ಗಿಟಾರ್ ಮುಗಿದು ಹೊರಗೆ ಹೋಗೋವಾಗ, ನಡುವೆ ಕೆಲವು ತಿಂಗಳು ಸಹಜ. ಉಲ್ಟಾ ಆಗಿದ್ರೆ, ಅಂದ್ರೆ ಮರ ಲೇಬಲ್‌ಗಿಂತ ಹೊಸದಾಗಿದ್ರೆ, ಆಗ ನಾನು ಬೆಲೆ ಕಟ್ಟೋದನ್ನ ಅಲ್ಲಿಗೇ ನಿಲ್ಲಿಸ್ತಾ ಇದ್ದೆ.

1961ರಿಂದ ಮುಂದಿನ ಗಿಟಾರ್ ಆಗಿದ್ರೆ ನಂಬರ್ ನೋಡಿ ವರ್ಷ ಹೇಳೋರನ್ನ ನಂಬಲೇಬೇಡಿ. ಆಮೇಲಿನ ನಂಬರ್ ಗಿಟಾರಿನ ತಲೆಯ, ಅಂದ್ರೆ ತಂತಿ ಬಿಗಿಯೋ ತುದಿಯ ಹಿಂದೆ ಒತ್ತಿರತ್ತೆ, ಅರವತ್ತರ ದಶಕದಲ್ಲಿ ಗಿಬ್ಸನ್‌ನೋರು ಅದೇ ನಂಬರ್‌ಗಳನ್ನ ಮತ್ತೆ ಮತ್ತೆ ಬಳಸಿದಾರೆ, ಒಂದೇ ನಂಬರಿಗೆ ಮೂರ್ನಾಕು ವರ್ಷ ಹೊಂದ್ಕೊಳ್ಳೋದೂ ಉಂಟು. ಅಂಥದ್ರಲ್ಲಿ ಕತ್ತಿನ ಅಗಲ ಅಳೀರಿ, ತಂತಿ ಕೂರೋ ನಟ್ ಹತ್ರ ಸುಮಾರು 43 ಮಿ.ಮೀ. ಇದ್ರೆ 1965ಕ್ಕೆ ಮುಂಚಿನದು ಅನ್ನೋಕೆ ಒಂದು ಆಧಾರ, 40 ಅಂದ್ರೆ ಆಮೇಲಿನದು. ತಲೆ ಹಿಂದೆ ಮೇಡ್ ಇನ್ ಯುಎಸ್ಎ ಅಂತ ಒತ್ತಿದ್ರೆ ಎಪ್ಪತ್ತರ ದಶಕಕ್ಕೆ ಬಂದ್ರಿ.

ವಾಲ್ಯೂಮ್ ಗುಂಡಿಯ ಕೆಳಗೆ ದನಿ ಹೆಚ್ಚುಕಮ್ಮಿ ಮಾಡೋ ಪಾಟ್ ಅಂತ ಒಂದು ಭಾಗ ಇರತ್ತೆ, ಅದರ ಬೆನ್ನ ಮೇಲೂ ನಂಬರ್ ಇರತ್ತೆ. ಇದ್ರಲ್ಲಿ 134832 ಅಂತ ಇತ್ತು: 134 ಅಂದ್ರೆ ಸೆಂಟ್ರಲ್ಯಾಬ್ ಕಂಪನಿ, 8 ಅಂದ್ರೆ 1958, 32ನೇ ವಾರ. ಪಾಟ್ ಹೇಳೋದು ಗಿಟಾರ್ ಅದಕ್ಕಿಂತ ಮುಂಚಿನದಲ್ಲ ಅಂತ ಮಾತ್ರ, ಅದೂ ಪಾಟ್ ಬದಲಾಗಿಲ್ಲ ಅಂತ ಬೆಸುಗೆ ಹೇಳಿದ್ರೆ. ಅರವತ್ತು ವರ್ಷದ ಬೆಸುಗೆ ಮಂಕಾಗಿ ಬೂದಿ ಬಣ್ಣಕ್ಕೆ ತಿರುಗಿರತ್ತೆ, ನಿನ್ನೆ ಮೊನ್ನೆ ಹಾಕಿದ್ದು ಹೊಳೀತಾ ಸುತ್ತ ಜಿಡ್ಡು ಬಿಟ್ಟಿರತ್ತೆ.

ಈ ಗಿಟಾರಲ್ಲಿ ಒಂದು ಬೆಸುಗೆ ಹೊಳೀತಾ ಇತ್ತು. ಅಲ್ಲೇ ನನ್ನ ಎದೆ ಧಸಕ್ ಅಂತು. ಕತ್ತಿನ ಕಡೆ ಪಿಕಪ್ ತೆಗೆದು ನೋಡಿದ್ರೆ ಕೆಳಗೆ ಕಪ್ಪು ಸ್ಟಿಕ್ಕರ್, ಪೇಟೆಂಟ್ ಅಪ್ಲೈಡ್ ಫಾರ್ ಅಂತ ಬಂಗಾರದ ಅಕ್ಷರ, ಹೆಣೆದ ಲೋಹದ ಕವಚ ಇರೋ ವೈರು, ಎಲ್ಲಾ ಸರಿ. ಬ್ರಿಜ್, ಅಂದ್ರೆ ಮೈ ಮೇಲೆ ತಂತಿ ಕೂರೋ ಕುದುರೆ, ಅದರ ಕಡೆದಕ್ಕೆ ಪ್ಲಾಸ್ಟಿಕ್ ಹೊದಿಕೆಯ ಹೊಸ ವೈರು, ಹೊಸ ಪಿಕಪ್. ಪಿಎಎಫ್ ಅಂತ ಕರೆಯೋ ಆ ಹಳೇ ಪಿಕಪ್ ಒಂದೊಂದಕ್ಕೂ ಸಾವಿರಾರು ಡಾಲರ್ ಇದೆ, ಹಾಗಾಗಿ ಕೆಲವ್ರು ಅದನ್ನ ಬಿಚ್ಚಿ ಬೇರೆ ಮಾರ್ಬಿಡ್ತಾರೆ, ನನಗೆ ಅದು ತುಂಬ ನೋವಿನ ವಿಷಯ. (1962ರ ಸುಮಾರಿಗೆ ಈ ಸ್ಟಿಕ್ಕರ್ ಹೋಗಿ ಪೇಟೆಂಟ್ ನಂಬರ್ ಇರೋ ಸ್ಟಿಕ್ಕರ್ ಬಂತು, ಆದ್ರೆ ಆ ನಂಬರ್ 2,737,842 ಪಿಕಪ್ಪಿಂದಲ್ಲ, ಗಿಟಾರಿಸ್ಟ್ ಲೆಸ್ ಪಾಲ್ ಅವರ ಟೇಲ್‌ಪೀಸ್, ಅಂದ್ರೆ ತಂತಿಯ ಬುಡ ಕಟ್ಟೋ ಭಾಗದ್ದು!)

ಪಾಲಿಶ್ ವಿಷಯ ಜೋರಾಗೇ ಹೇಳ್ತೀನಿ. ಹಳೇ ನೈಟ್ರೋ ಲ್ಯಾಕರ್ ಬಿರುಕು ಬಿಟ್ಟಿರತ್ತೆ, ಹಳದಿ ತಿರುಗಿರತ್ತೆ, ಕತ್ತಲೆ ರೂಮಲ್ಲಿ ಯುವಿ ಲೈಟ್ ಹಿಡಿದ್ರೆ ಹಸಿರುಹಳದಿಯಾಗಿ ಮಿಣುಗತ್ತೆ, ಆಮೇಲೆ ಬಳಿದ ಜಾಗ ಕಪ್ಪಗೆ ಕಾಣತ್ತೆ. ಆ ಬಿರುಕು ಕೊಳಕಲ್ಲ, ಅದು ಸಾಕ್ಷಿ. ಚೆನ್ನಾಗ್ ಕಾಣ್ಲಿ ಅಂತ ಪೂರ್ತಿ ಹೊಸ ಪಾಲಿಶ್ ಮಾಡಿಸಿದ್ರೆ ಸಾಮಾನ್ಯವಾಗಿ ಬೆಲೆ ಅರ್ಧಕ್ಕೆ ಇಳಿಯತ್ತೆ, ತಲೆ ಮುರಿದು ಅಂಟಿಸಿದ್ದಕ್ಕೂ ಹೆಚ್ಚುಕಮ್ಮಿ ಅಷ್ಟೇ ಪೆಟ್ಟು. ಮರದ ಸ್ವಂತ ಬಣ್ಣವೇ ಕಾಣೋ ನ್ಯಾಚುರಲ್‌ಗೆ, ನಡುವೆ ತಿಳಿಯಾಗಿ ಅಂಚಲ್ಲಿ ಗಾಢವಾಗಿರೋ ಸನ್‌ಬರ್ಸ್ಟ್‌ಗಿಂತ ಜಾಸ್ತಿ ಸಿಗತ್ತೆ.

ಊರಿಗೆ ತಗೊಂಡು ಹೋಗೋರಿಗೆ ಒಂದು ಮಾತು. ಆ ಕಾಲದ ಇಂಥಾ ಗಿಟಾರುಗಳ ಫಿಂಗರ್‌ಬೋರ್ಡ್ ಬ್ರೆಜಿಲಿಯನ್ ರೋಸ್‌ವುಡ್, 1992ರಿಂದ ಅದು ಅಳಿವಿನಂಚಿನ ಗಿಡ-ಪ್ರಾಣಿಗಳ ವ್ಯಾಪಾರಕ್ಕೆ ಕಡಿವಾಣ ಹಾಕೋ ಸೈಟೀಸ್ ಒಪ್ಪಂದದ ಮೊದಲ ಪಟ್ಟೀಲಿದೆ, ಕಾಗದಪತ್ರ ಇಲ್ದೆ ಗಡಿ ದಾಟಿಸೋಕೆ ಹೋಗ್ಬೇಡಿ. ಅರವತ್ತರ ದಶಕದ ನಡುವಿಂದ ಅಮೆರಿಕದ ಗಿಟಾರುಗಳಿಗೆ ಬರೋಕೆ ಶುರುವಾದ ಇಂಡಿಯನ್ ರೋಸ್‌ವುಡ್ ಬೇರೆ ಮರ, ಅದು ನಮ್ಮ ಮಲೆನಾಡಿನ ಬೀಟೆ.

ಕೊನೆಗೆ ಕೇಸ್. ಒಳಗಿನ ಸಣ್ಣ ಡಬ್ಬಿಯ ಮುಚ್ಚಳ ತೆಗೆದೆ, ಹಳೇ ತಂತಿ ಸುರುಳಿ, ಒಂದು ಪಿಕ್ಕು, ಕೆಳಗೆ ಕರ್ಚೀಫಲ್ಲಿ ಸುತ್ತಿ ಏನೋ ಭಾರವಾದ್ದು. ಬಿಚ್ಚಿದ್ರೆ ಅದೇ ಪಿಕಪ್, ಕಪ್ಪು ಸ್ಟಿಕ್ಕರ್ ಅರ್ಧ ಹರಿದಿದೆ, ಹೆಣೆದ ವೈರು ಗಿಡ್ಡ ಆಗಿದೆ. ಅಜ್ಜ ಅದನ್ನ ಬದಲಾಯಿಸಿದ್ರೂ ಎಸೆದಿರ್ಲಿಲ್ಲ. ನನ್ನ ಕಣ್ಣು ತುಂಬ್ತು.

ಅಕ್ಕನಿಗೆ ಬರೆದುಕೊಟ್ಟ ಕಾಗದದಲ್ಲಿ ಬಾಡಿ 1958, ಫ್ಯಾಕ್ಟರಿಯಿಂದ ಹೊರಟಿದ್ದು 1959, ಒಂದು ಬೆಸುಗೆ ಬಿಚ್ಚಿದೆ, ಕೇಸಲ್ಲಿ ಸಿಕ್ಕ ಪಿಕಪ್ ಸೇರಿಸಿದ್ರೆ ಭಾಗಗಳೆಲ್ಲ ಒರಿಜಿನಲ್ ಅಂತ ಬರೆದೆ. ಬೆಲೆ ಮೂರು ಥರ ಹಾಕ್ದೆ: ಇನ್ಶೂರೆನ್ಸಿಗೆ ಒಂದು, ನುಡಿಸೋರಿಗೆ ನೇರ ಮಾರಿದ್ರೆ ಒಂದು, ಅಂಗಡಿಯೋರು ಕೊಡೋದು ಒಂದು. ಅಂಗಡಿಯೋರು ತಾವು ಮಾರೋ ಬೆಲೇಲಿ ಸುಮಾರು ಅರ್ಧದಿಂದ ಶೇ. 60ರಷ್ಟು ಕೊಡ್ತಾರೆ, ಅಂಗಡಿ ಬಾಡಿಗೆ ಕಟ್ಟೋರಿಗೆ ಅದು ನ್ಯಾಯಾನೇ, ಆದ್ರೆ ಗೊತ್ತಿಲ್ದೆ ಅದನ್ನೇ ಪೂರ್ತಿ ಬೆಲೆ ಅಂದ್ಕೋಬಾರ್ದು. ಮೊದ್ಲು ಇನ್ಶೂರೆನ್ಸ್ ಮಾಡಿಸಿ ಅಕ್ಕ, ಮಾರೋ ಮಾತು ಆಮೇಲೆ ಅಂದೆ. ಹಳೇ ಪಿಕಪ್ ವಾಪಸ್ ಕೂರಿಸೋ ಕೆಲಸ ಮುಂದಿನ ತಿಂಗಳಿಗೆ ಇಟ್ಕೊಂಡಿದೀನಿ, ನೋಡ್ಬೇಕು ಅಂತ ಆ ಹುಡುಗಾನೂ ಬರ್ತಾನಂತೆ.