ಕೋಡ್ ಅಲ್ಲ, ಸರ್ಕ್ಯೂಟ್ ಬರೆಯಿರಿ

ಗಂಗಾವತಿ ಕಡೆ ರೈಸ್ ಮಿಲ್ಲಿಗೆ ಹೋದರೆ ಸಾರ್ಟೆಕ್ಸ್ ಮಷೀನ್ ಮುಂದೆ ಸ್ವಲ್ಪ ಹೊತ್ತು ನಿಲ್ಲಿ. ಅಕ್ಕಿ ಜಾರಿ ಬೀಳುತ್ತಿರುತ್ತದೆ, ಕ್ಯಾಮೆರಾ ನೋಡುತ್ತಿರುತ್ತದೆ, ಕಪ್ಪು ಕಾಳು ಕಂಡರೆ ಅದು ಕೆಳಗೆ ಬೀಳುವಷ್ಟರಲ್ಲಿ ಗಾಳಿ ಊದಿ ಪಕ್ಕಕ್ಕೆ ತಳ್ಳಬೇಕು. ಇಂಥ ಯಂತ್ರಗಳಲ್ಲಿ ಎಫ್‌ಪಿಜಿಎ, ಅಂದರೆ ಒಳಗಿನ ಸರ್ಕ್ಯೂಟನ್ನು ನಮಗೆ ಬೇಕಾದಂತೆ ನಾವೇ ಜೋಡಿಸಿಕೊಳ್ಳಬಹುದಾದ ಚಿಪ್ ಬಳಸುವುದು ಸಾಮಾನ್ಯ. ಮೈಕ್ರೋಕಂಟ್ರೋಲರ್ ಎಂಬ ಪುಟ್ಟ ಕಂಪ್ಯೂಟರ್ ಚಿಪ್ ಕೆಲಸಗಳನ್ನು ಒಂದಾದ ಮೇಲೊಂದು ಮಾಡುತ್ತದೆ. ಎಫ್‌ಪಿಜಿಎಯಲ್ಲಿ ಬೀಳುವ ಪ್ರತಿ ಸಾಲಿಗೂ ಅದರದೇ ಸರ್ಕ್ಯೂಟ್ ಇಡಬಹುದು, ಎಲ್ಲವೂ ಒಂದೇ ಹೊತ್ತಿಗೆ ಕೆಲಸ ಮಾಡುತ್ತವೆ.

ಚಿಪ್ ಒಳಗೆ ಇರುವುದು ಸಣ್ಣ ಸಣ್ಣ ಕೋಷ್ಟಕಗಳು, ಒಂದೊಂದು ಬಿಟ್ (0 ಅಥವಾ 1) ನೆನಪಿಡುವ ಫ್ಲಿಪ್‌ಫ್ಲಾಪ್‌ಗಳು, ಇವನ್ನು ಜೋಡಿಸುವ ತಂತಿಗಳು. 4 ಇನ್‌ಪುಟ್ ಇದ್ದರೆ 16 ಸಾಧ್ಯತೆ, ಅಲ್ವಾ? ಪ್ರತಿಯೊಂದಕ್ಕೂ ಉತ್ತರ 0 ಅಥವಾ 1 ಅಂತ ಮೊದಲೇ ತುಂಬಿರುತ್ತೇವೆ. ಚಿಪ್ ಮಗ್ಗಿ ಪುಸ್ತಕ ನೋಡಿದ ಹಾಗೆ ನೋಡಿ ಹೇಳುತ್ತದೆ ಅಷ್ಟೇ. 1985ರಲ್ಲಿ ಜೈಲಿಂಕ್ಸ್ ಕಂಪನಿ ತಂದ ಮೊದಲ ಎಫ್‌ಪಿಜಿಎಯಲ್ಲಿ ಇಂಥ ಕೋಷ್ಟಕಗಳಿರುವ ಬ್ಲಾಕ್‌ಗಳು 64. ಈಗ ಕಲಿಯುವವರು ಕೊಳ್ಳುವ ಟ್ಯಾಂಗ್ ನ್ಯಾನೋ 9ಕೆ ಎಂಬ ಪುಟ್ಟ ಬೋರ್ಡಿನಲ್ಲಿ 8,640 ಕೋಷ್ಟಕಗಳಿವೆ.

ರಾಯಚೂರು, ಬಳ್ಳಾರಿಯ ಡಿಪ್ಲೊಮಾ, ಇಂಜಿನಿಯರಿಂಗ್ ಮಕ್ಕಳಿಗೆ ನಾನು ಹೇಳುವುದು ಒಂದೇ. ಈ ಸರ್ಕ್ಯೂಟ್‌ಗಳನ್ನು ಬರೆಯುವ ಭಾಷೆಯಾದ ವೆರಿಲಾಗ್ ನೋಡೋಕೆ ಸಿ ಪ್ರೋಗ್ರಾಮಿಂಗ್ ಭಾಷೆ ಥರ ಇದೆ ಅಂತ ಸಿ ಥರ ಓದಬೇಡಿ, ಲ್ಯಾಬ್ ಪರೀಕ್ಷೆಗೆ ಬಾಯಿಪಾಠವನ್ನಂತೂ ಮಾಡಲೇಬೇಡಿ. ಸಿಯಲ್ಲಿ ಲೂಪ್ ಎಂಟು ಸಲ ಸುತ್ತುತ್ತದೆ. ಇಲ್ಲಿ ಅದೇ ಲೂಪ್ ಬರೆದರೆ ಎಂಟು ಸರ್ಕ್ಯೂಟ್ ಅಕ್ಕಪಕ್ಕ ಹುಟ್ಟಿಕೊಳ್ಳುತ್ತವೆ. ಈ ವ್ಯತ್ಯಾಸ ತಲೆಗೆ ಹೋಗಬೇಕಾದರೆ ಮೊದಲು ಹಾಳೆಯ ಮೇಲೆ ಚಿತ್ರ ಬರೆಯಿರಿ, ಆಮೇಲೆ ಕೋಡ್.

ಎಲ್‌ಇಡಿ ಮಿನುಗಿಸುವುದನ್ನೇ ತೆಗೆದುಕೊಳ್ಳಿ. ಆ ಟ್ಯಾಂಗ್ ನ್ಯಾನೋ ಬೋರ್ಡಿನಲ್ಲಿ ತಾಳ ಹಾಕುವ ಕ್ಲಾಕ್ 27 ಮೆಗಾಹರ್ಟ್ಸ್, ಅಂದರೆ ಸೆಕೆಂಡಿಗೆ 2 ಕೋಟಿ 70 ಲಕ್ಷ ಬಡಿತ. ಒಂದು ಸೆಕೆಂಡ್ ಕಾಯಬೇಕಾದರೆ ಅಷ್ಟನ್ನೂ ಎಣಿಸಬೇಕು. 24 ಬಿಟ್‌ನ ಕೌಂಟರ್ ಸುಮಾರು 1 ಕೋಟಿ 68 ಲಕ್ಷಕ್ಕೇ ಮುಗಿದುಹೋಗುತ್ತದೆ, ಹಾಗಾಗಿ 25 ಬಿಟ್ ಬೇಕು, ಅಂದರೆ 25 ಫ್ಲಿಪ್‌ಫ್ಲಾಪ್. "ಒಂದು ಸೆಕೆಂಡ್ ನಿಲ್ಲು" ಅಂತ ಬರೆಯೋಕೆ ಇಲ್ಲಿ ಆಗಲ್ಲ. ಕಾಯುವ ಯಂತ್ರವನ್ನೂ ನಾವೇ ಕಟ್ಟಬೇಕು. ನನಗೆ ಈ ವಿದ್ಯೆ ಇಷ್ಟವಾಗುವುದು ಇದಕ್ಕೇ.

ಬೋರ್ಡ್ ಇಲ್ಲ ಅಂತ ಸುಮ್ನೆ ಕೂರಬೇಡಿ. ವೆರಿಲಾಗ್ ಕೋಡನ್ನು ಕಂಪ್ಯೂಟರಿನಲ್ಲೇ ಓಡಿಸಿ ನೋಡುವ ಐಕೇರಸ್ ವೆರಿಲಾಗ್ ಎಂಬ ತಂತ್ರಾಂಶ ಉಚಿತ, ಹಳೇ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ. ಸಿಗ್ನಲ್‌ಗಳು 0, 1 ಆಗುವುದನ್ನು ತೋರಿಸುವ ಅಲೆಗಳ ಚಿತ್ರ ನೋಡಿ, ಯಾವ ಕ್ಲಾಕಿಗೆ ಯಾವ ಸಿಗ್ನಲ್ ಬದಲಾಯಿತು ಅಂತ ಬೆರಳಿಟ್ಟು ಹೇಳುವ ತನಕ ಬಿಡಬೇಡಿ. ಆಮೇಲೆ ಬಟನ್, ಸೀರಿಯಲ್ ಪೋರ್ಟ್, ಕೊನೆಗೆ ಚಿಪ್ ಒಳಗೇ ಒಂದು ಪ್ರೊಸೆಸರ್. ಐಐಟಿ ಮದ್ರಾಸ್‌ನ ಶಕ್ತಿ ಪ್ರೊಸೆಸರಿನ ವಿನ್ಯಾಸ ಯಾರು ಬೇಕಾದರೂ ಬಳಸುವಂತೆ ಮುಕ್ತವಾಗಿದೆ, ಅದಕ್ಕೆ ತಕ್ಕಷ್ಟು ದೊಡ್ಡ ಎಫ್‌ಪಿಜಿಎ ಇದ್ದರೆ ಹಾಕಿ ನೋಡಬಹುದು. ಸ್ಕ್ರೀನ್, ಸೆಟ್ಟಿಂಗ್‌ನಂಥ ನಿಧಾನದ ಕೆಲಸ ಪ್ರೊಸೆಸರಿಗೆ, ಒಂದು ಕ್ಲಾಕೂ ತಪ್ಪಬಾರದ ಕೆಲಸ ಪಕ್ಕದ ಸರ್ಕ್ಯೂಟಿಗೆ. ಯಾವುದು ಯಾರಿಗೆ ಅಂತ ಹಂಚುವಾಗಲೇ ನಿಜವಾದ ಡಿಸೈನ್ ಶುರುವಾಗುವುದು.