ತೂತಿದ್ದ ಮಾತ್ರಕ್ಕೆ ಹವಳ ಅಲ್ಲ

ಶಿವಮೊಗ್ಗ ಜಿಲ್ಲೆಯ ಹೊಸನಗರದ ಕಡೆಯಿಂದ ಗೆಳೆಯ ಒಂದು ಕಲ್ಲು ತಂದಿದ್ದ. ಮೈತುಂಬ ತೂತು. "ಹವಳದ ಪಳೆಯುಳಿಕೆ ಕಣೋ" ಅಂದ. ನಾನೂ ಹೂಂಗುಟ್ಟಿದೆ. ಒದ್ದೆ ಮಾಡಿ ಉಜ್ಜಿದರೆ ಬೆರಳಿಗೆಲ್ಲ ಕೆಂಪು! ನಮ್ಮ ಮನೆ ಗೋಡೆಯ ಜಂಬಿಟ್ಟಿಗೆಯೇ ಅದು.

ಅದಕ್ಕೇ, ಕಲ್ಲು ನೋಡುವ ಮುಂಚೆ ಅದರ ಊರು ಕೇಳಿ. ಶಿವಮೊಗ್ಗದ ಬಂಡೆಗಳು ಬಹುಪಾಲು 250 ಕೋಟಿ ವರ್ಷಕ್ಕಿಂತ ಹಳೆಯವು. ಹವಳ ಹುಟ್ಟಿದ್ದು ಸುಮಾರು 50 ಕೋಟಿ ವರ್ಷದಿಂದ ಈಚೆಗೆ. ಇಲ್ಲಿನ ಬಂಡೆಯಲ್ಲಿ ಅದು ಸಿಗೋದಾದರೂ ಹೇಗೆ? ಕುಂಸಿ ಹತ್ತಿರ ಸ್ಟ್ರೊಮ್ಯಾಟೊಲೈಟ್ ಇದೆ ನಿಜ. ಆದರೆ ಅದು ಸೂಕ್ಷ್ಮಜೀವಿಗಳು ಪದರ ಪದರವಾಗಿ ಕಟ್ಟಿದ್ದು. ಉಬ್ಬಿದ ದೋಸೆಗಳನ್ನು ಪೇರಿಸಿದ ಹಾಗೆ ಕಾಣುತ್ತದೆ, ಹವಳದಲ್ಲಿ ಇರುವಂಥ ಪುಟ್ಟ ಪುಟ್ಟ ಕೋಣೆಗಳು ಒಳಗೆ ಇರುವುದಿಲ್ಲ. ಹವಳ ಬೇಕಿದ್ದರೆ ತಮಿಳುನಾಡಿನ ಅರಿಯಲೂರು ಕಡೆಯ ಸುಣ್ಣಕಲ್ಲು ಅಥವಾ ಕಚ್ಛ್ ನೋಡಬೇಕು.

ಈಗ ನಿಜವಾದ ಹವಳ ಕೈಗೆ ಬಂತು ಅನ್ನಿ. ಒದ್ದೆ ಮಾಡಿ, ಭೂತಗನ್ನಡಿ ಹಿಡಿಯಿರಿ. ಕಂಚಿಕಾಯಿ ಅಡ್ಡ ಕೊಯ್ದಾಗ ತೊಳೆಗಳ ನಡುವಿನ ಪೊರೆ ಕಾಣುತ್ತಲ್ಲ, ಪ್ರತಿ ಕೋಣೆಯಲ್ಲೂ ಹಾಗೇ ಅಂಚಿನಿಂದ ನಡುವಿಗೆ ಸಣ್ಣ ಗೋಡೆಗಳು ಬರುತ್ತವೆ. ಇವೇ ಸೆಪ್ಟಾ. ಜಂಬಿಟ್ಟಿಗೆಯ ತೂತಿಗೆ ಇಂಥ ಶಿಸ್ತೆಲ್ಲ ಇಲ್ಲ.

ದೊಡ್ಡ ಗುಂಪುಗಳು ಮೂರು. ಟ್ಯಾಬುಲೇಟ್‌ಗಳಲ್ಲಿ ಸೆಪ್ಟಾ ಇಲ್ಲ ಅನ್ನುವಷ್ಟು ಕಡಿಮೆ. ಉದ್ದಕ್ಕೆ ಸೀಳಿದರೆ ಏಣಿಯ ಮೆಟ್ಟಿಲಿನಂಥ ಅಡ್ಡ ತಟ್ಟೆಗಳು ಎದ್ದು ಕಾಣುತ್ತವೆ. ಜೇನುಹಲ್ಲೆ ಥರದ ಫೇವೊಸೈಟಿಸ್ ಈ ಗುಂಪಿನದು. ರುಗೋಸ ಹವಳಗಳಲ್ಲಿ ಒಂಟಿಯಾಗಿ ಬೆಳೆದವು ಹೆಚ್ಚಾಗಿ ಕೊಂಬಿನ ಆಕಾರ. ಇವೆರಡೂ ಸುಮಾರು 25 ಕೋಟಿ ವರ್ಷದ ಹಿಂದೆ ಪರ್ಮಿಯನ್ ಅನ್ನುವ ಕಾಲಘಟ್ಟದ ಕೊನೆಗೆ ಅಳಿದವು. ಆಮೇಲೆ ಬಂದದ್ದು ಸ್ಕ್ಲೆರಾಕ್ಟಿನಿಯ, ಇವತ್ತಿಗೂ ಸಮುದ್ರದಲ್ಲಿದೆ.

ಕೊನೆಯ ಎರಡರ ವ್ಯತ್ಯಾಸದಲ್ಲಿ ನಾನು ಜಾಸ್ತಿ ಎಡವಿದ್ದೇನೆ. ಸ್ಕ್ಲೆರಾಕ್ಟಿನಿಯದಲ್ಲಿ ಸೆಪ್ಟಾ ಸಾಮಾನ್ಯವಾಗಿ 6, 12, 24 ಹೀಗೆ ಸುತ್ತು ಸುತ್ತಾಗಿ ಸೇರುತ್ತವೆ. ರುಗೋಸದಲ್ಲಿ ಮೊದಲ ಆರಾದ ಮೇಲೆ ಹೊಸವು ನಾಲ್ಕೇ ಜಾಗದಲ್ಲಿ ಹುಟ್ಟುತ್ತವೆ. ಹಾಗಂತ ಸುಮ್ನೆ ಎಣಿಸಿ ನಾಲ್ಕರಿಂದ ಭಾಗಿಸಿದರೆ ಏನೂ ಸಿಗಲ್ಲ. ಸೆಪ್ಟಾ ಎಲ್ಲಿ ಒತ್ತಾಗಿವೆ, ಎಲ್ಲಿ ಬಿಡುವಿದೆ ಅಂತ ನೋಡಬೇಕು.

ಕೋಣೆಗಳು ಒಂದು ಮಿಲಿಮೀಟರಿಗಿಂತ ಸಣ್ಣವಾಗಿದ್ದು ಸೆಪ್ಟಾ ಕಾಣದಿದ್ದರೆ ಬ್ರಯೋಜೋವ (ಗುಂಪಾಗಿ ಬೆಳೆಯುವ ಬೇರೆಯೇ ಪುಟ್ಟ ಜಲಜೀವಿ) ಇರಬಹುದು, ಅನುಮಾನಪಡಿ. ಆಸಿಡ್ ಪರೀಕ್ಷೆಯನ್ನೂ ಪೂರ್ತಿ ನಂಬಬೇಡಿ. ಸುಣ್ಣದ ಕಲ್ಲಾದರೆ ವಿನೆಗರ್ ಹನಿಗೆ ಗುಳ್ಳೆ ಬರುತ್ತದೆ. ಸಿಲಿಕಾ (ಬೆಣಚುಕಲ್ಲಿನಲ್ಲಿರುವ ಗಟ್ಟಿ ವಸ್ತು) ಆಗಿ ಮಾರ್ಪಟ್ಟ ಹವಳದಲ್ಲಿ ಬರಲ್ಲ, ಕಬ್ಬಿಣದ ಮೊಳೆಯಲ್ಲಿ ಗೀಚಿದರೂ ಗೆರೆ ಬೀಳಲ್ಲ. ಗೀಚುವುದಾದರೆ ಹಿಂಬದಿಯಲ್ಲಿ ಗೀಚಿ, ಮಾರಾಯ್ರೆ. ನನ್ನ ಒಂದು ಕೊಂಬಿನ ಹವಳದ ಬಾಯಿಗೇ ಗೆರೆ ಬಿದ್ದಿದೆ.