ಚಪ್ಪಲಿಯೊಳಗೆ ಇಲ್ಲದ ಹರಳು

"ಚಪ್ಲಿಯಾಗ ಹರಳು ಸಿಕ್ಕಂಗ ಆಗ್ತೈತ್ರಿ ಸರ. ಬಿಚ್ಚಿ ಜಾಡಿಸಿದ್ರ ಏನೂ ಇರಂಗಿಲ್ಲ."

ಬಳ್ಳಾರಿಯ ಜೀನ್ಸ್ ಹೊಲಿಗೆ ಘಟಕದಲ್ಲಿ ದುಡಿಯುವ ಅಕ್ಕ ಒಬ್ಬರು ಹೇಳಿದ ಮಾತಿದು. ಉರಿಯೆಲ್ಲ ಬಲಗಾಲಿನ ಮೂರು, ನಾಲ್ಕನೆಯ ಬೆರಳಿನ ಬುಡದಲ್ಲಿ. ಚಪ್ಪಲಿ ಬಿಟ್ಟು ತಿಕ್ಕಿಕೊಂಡರೆ ಹಗುರ. ಎರಡು ಸಲ ಪರೀಕ್ಷೆ ಮಾಡಿಸಿದರೂ ಶುಗರ್ ಇರಲಿಲ್ಲ. ಆದರೂ ತಿಂಗಳುಗಟ್ಟಲೆ 'ನರದ ಮಾತ್ರೆ' ನುಂಗಿದ್ದರು. ಫಿಸಿಯೋಥೆರಪಿಸ್ಟ್ ಆಗಿ ನನಗೆ ಸಂಕಟವಾಗುವುದು ಇಲ್ಲೇ. ಮಾತ್ರೆ ಬರೆಯುವ ಮುಂಚೆ ಅವರ ಚಪ್ಪಲಿಯನ್ನು ಯಾರೂ ಕೈಗೆತ್ತಿ ನೋಡಿರಲಿಲ್ಲ.

ಬೆರಳುಗಳಿಗೆ ಹೋಗುವ ನರ ಅಂಗಾಲಿನ ಎಲುಬುಗಳ ನಡುವೆ, ಆ ಎಲುಬುಗಳನ್ನು ಜೋಡಿಸುವ ಒಂದು ಅಡ್ಡಪಟ್ಟಿಯ ಕೆಳಗೆ ಹಾದುಹೋಗುತ್ತದೆ. ಹಿಮ್ಮಡಿ ಎತ್ತಿ ಮುಂಗಾಲಿನ ಮೇಲೆ ಭಾರ ಹಾಕಿದಾಗಲೆಲ್ಲ ನರ ಆ ಪಟ್ಟಿಗೆ ಒತ್ತುತ್ತದೆ. ಮುಂದೆ ಮೊನಚಾದ ಪಾದರಕ್ಷೆಯಾದರೆ ಎರಡೂ ಬದಿಯಿಂದ ಹಿಂಡಿದಂತೆ. ವರ್ಷಗಟ್ಟಲೆ ಹೀಗಾದರೆ ನರದ ಸುತ್ತಲಿನ ಪೊರೆ ದಪ್ಪವಾಗುತ್ತದೆ. ಇದಕ್ಕೆ ಮಾರ್ಟನ್ ನ್ಯೂರೋಮಾ ಎನ್ನುತ್ತಾರೆ. 1876ರಲ್ಲಿ ಈ ನೋವನ್ನು ವಿವರಿಸಿದ ಅಮೆರಿಕದ ವೈದ್ಯನ ಹೆಸರು ಅದು. 'ಓಮಾ' ಎಂದ ಕೂಡಲೇ ಗಡ್ಡೆ, ಕ್ಯಾನ್ಸರ್ ಎಂದು ಹೆದರಬೇಡಿ, ಎರಡೂ ಅಲ್ಲ. ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ದಿನವಿಡೀ ಮುಂಗಾಲಿನಿಂದ ಪೆಡಲ್ ಒತ್ತುವವರಿಗೆ, ಬಿಗಿಯಾದ ಸೇಫ್ಟಿ ಶೂನಲ್ಲಿ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಡ್ಯೂಟಿಗೆ ಹೋಗುವವರಿಗೆ ಈ ನೋವು ಬಹಳ ಕಾಡುತ್ತದೆ.

ಎಕ್ಸ್-ರೇಯಲ್ಲಿ ನರ ಕಾಣುವುದಿಲ್ಲ, ಎಲುಬಿನ ಸೀಳಿದ್ದರೆ ಗೊತ್ತಾಗುತ್ತದೆ ಅಷ್ಟೆ. ಪಾದವನ್ನು ಎರಡು ಬದಿಯಿಂದ ಅದುಮಿ, ಬೆರಳುಗಳ ನಡುವೆ ಹೆಬ್ಬೆರಳಿಂದ ಒತ್ತಿದರೆ ಅದೇ ನೋವು ಚುಚ್ಚುತ್ತದೆ, ಕೆಲವರಲ್ಲಿ 'ಟಕ್' ಎನ್ನುತ್ತದೆ. ಸಂದೇಹವಿದ್ದರೆ ಅಲ್ಟ್ರಾಸೌಂಡ್ ಸಾಕಾಗುತ್ತದೆ.

ಎರಡೂ ಪಾದಗಳಲ್ಲಿ, ಕಾಲುಚೀಲ ಹಾಕಿದಷ್ಟು ಜಾಗ ಉರಿಯುತ್ತಿದ್ದರೆ ಮಾತ್ರ ಬೇರೆ ದಾರಿ ಹಿಡಿಯಬೇಕು. ಶುಗರ್, ವಿಟಮಿನ್ ಬಿ12 ನೋಡಿಸಿ. ಚರ್ಮದಲ್ಲಿ ಮಸುಕಾದ ಮಚ್ಚೆ, ಅಲ್ಲಿ ಮುಟ್ಟಿದ್ದು ತಿಳಿಯದಿದ್ದರೆ ಕುಷ್ಠವೂ ಇರಬಹುದು. ನಾಚದೆ ಸರ್ಕಾರಿ ಆಸ್ಪತ್ರೆಗೆ ಹೋಗಿ, ಔಷಧಿ ಉಚಿತ.

ಆ ಅಕ್ಕನನ್ನು ಹಾಳೆಯ ಮೇಲೆ ಬರಿಗಾಲಲ್ಲಿ ನಿಲ್ಲಿಸಿ ಪೆನ್ಸಿಲಿನಿಂದ ಪಾದದ ಗೆರೆ ಎಳೆದೆ. ಚಪ್ಪಲಿಯನ್ನು ಅದರ ಮೇಲಿಟ್ಟರೆ ಎರಡೂ ಬದಿಗೆ ಗೆರೆ ಹೊರಗೇ ಉಳಿಯಿತು. ನೀವೂ ಮನೆಯಲ್ಲಿ ಮಾಡಿ ನೋಡಿ. ಹೊಸದನ್ನು ಸಂಜೆ ಕೊಳ್ಳಿ, ಆಗ ಪಾದ ತುಸು ಊದಿರುತ್ತದೆ. ಮುಂಭಾಗ ಅಗಲ, ಹಿಮ್ಮಡಿ ತಗ್ಗು, ಅಟ್ಟೆ ದಪ್ಪ ಇರಲಿ. ಸೇಫ್ಟಿ ಶೂ ಬಿಡುವ ಹಾಗಿಲ್ಲ, ಅಗಲದ್ದನ್ನು ಕೇಳಿ ಪಡೆಯಿರಿ.

ಒತ್ತಡ ತಗ್ಗಿಸಲು ಚಪ್ಪಲಿಯೊಳಗೆ ಮೆತ್ತೆ (ಪ್ಯಾಡ್) ಅಂಟಿಸುವಾಗ ಹೆಚ್ಚಿನವರು ನೋಯುವ ಜಾಗದ ಕೆಳಗೇ ಇಡುತ್ತಾರೆ. ಅದರಿಂದ ಒತ್ತಡ ಇನ್ನೂ ಹೆಚ್ಚುತ್ತದೆ. ಮೆತ್ತೆ ಇರಬೇಕಾದ್ದು ನೋವಿಗಿಂತ ಸ್ವಲ್ಪ ಹಿಂದೆ, ಹಿಮ್ಮಡಿಯ ಕಡೆಗೆ. ಆಗ ಎಲುಬುಗಳು ಅಗಲಿ ನರಕ್ಕೆ ಜಾಗ ಸಿಗುತ್ತದೆ. ನಾನು ನೋಯುವ ಬಿಂದುವಿಗೆ ಒದ್ದೆ ಕುಂಕುಮ ಹಚ್ಚಿ ಚಪ್ಪಲಿ ಮೆಟ್ಟಿಸುತ್ತೇನೆ. ಗುರುತು ಮೂಡುತ್ತದೆ, ಅದರ ಹಿಂದೆ ಮೆತ್ತೆ. ಜೊತೆಗೆ ಗೋಡೆಗೆ ಕೈಯೂರಿ ಮೀನಖಂಡ ಎಳೆಯುವ ವ್ಯಾಯಾಮ, ಅರ್ಧ ನಿಮಿಷದಂತೆ ದಿನಕ್ಕೆ ಮೂರ್ನಾಲ್ಕು ಸಲ. ಸಂಜೆ ಬಟ್ಟೆ ಸುತ್ತಿದ ಐಸ್ ಬಾಟಲಿಯ ಮೇಲೆ ಹತ್ತು ನಿಮಿಷ ಪಾದ ಉರುಳಿಸಬಹುದು. ಪಾದ ಮರಗಟ್ಟಿದ ಶುಗರ್ ರೋಗಿಗಳಿಗೆ ಐಸೂ ಬೇಡ, ಬಿಸಿನೀರೂ ಬೇಡ.

ಹೀಗೆ ಕೆಲವು ತಿಂಗಳು ಮಾಡಿದ ಮೇಲೂ ನೋವು ಕೂತಿದ್ದರೆ ಮೂಳೆ ವೈದ್ಯರು ಸ್ಟೆರಾಯ್ಡ್ ಚುಚ್ಚುಮದ್ದು ಕೊಡುತ್ತಾರೆ. ಮತ್ತೆ ಮತ್ತೆ ಕೊಟ್ಟರೆ ಅಂಗಾಲಿನ ಕೊಬ್ಬಿನ ಪದರ ತೆಳುವಾಗುತ್ತದೆ. ಕೊನೆಗೆ ಉಳಿಯುವುದು ಶಸ್ತ್ರಚಿಕಿತ್ಸೆ. ನರ ಕತ್ತರಿಸಿದರೆ ಆ ಎರಡು ಬೆರಳ ನಡುವೆ ಸ್ಪರ್ಶ ಕಾಯಂ ಹೋಗುತ್ತದೆ, ಕೆಲವರಿಗೆ ಕತ್ತರಿಸಿದ ತುದಿಯೇ ಮತ್ತೆ ನೋಯುತ್ತದೆ. ಅದಕ್ಕೇ ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುಂಚೆ ನಿಮ್ಮ ಹಳೆಯ ಚಪ್ಪಲಿಯನ್ನು ಆ ಹಾಳೆಯ ಮೇಲೆ ಒಮ್ಮೆ ಇಟ್ಟು ನೋಡಿ.